ಗಾಜಿನ ಕಪಾಟಿನಲ್ಲಿದ್ದ ಕಬ್ಬಿಣ

ಮೋಟರಿನ ಸದ್ದು ಕೇಳುವಾಗ ಲಗಮಣ್ಣ ಕಾಕಾ ಬಾಯಿ ತೆರೆದುಕೊಂಡಿರುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಮೋಟರಿನ ಬೇರಿಂಗಿನ ಮೇಲಿಟ್ಟು, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದು ನಿಲ್ಲುವರು. ಮೊದಲ ಸಲ ನೋಡಿದವರಿಗೆ ನಗು ಬರುತ್ತಿತ್ತು. ನನಗೂ ಬಂದಿತ್ತು. ಬಾಯಿ ಯಾಕೆ ಎಂದು ಕೇಳಿಯೂ ಬಿಟ್ಟಿದ್ದೆ.

“ಮುಚ್ಚಿದ್ರ ನನ್ನ ಹಲ್ಲಿನ ಸಪ್ಪಳಾ ಕೇಳಸ್ತೈತ್ರಿ ಅಕ್ಕಾರ,” ಅಂದರು. “ನಾ ಕೇಳಬೇಕಾಗಿದ್ದು ಇದರ ಸಪ್ಪಳಾ. ನಂದಲ್ಲ.”

ನಾನು ಕಾಕಾ ಅವರ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ; ಹೆಣ್ಣು ಟೀಚರಿಗೆ ಅಲ್ಲಿ ‘ಅಕ್ಕಾರ’ ಅನ್ನುತ್ತಾರೆ. ನನ್ನ ತವರು ಮೂಡಲಗಿ. ಕೆಲಸದ ಊರು ಹುಕ್ಕೇರಿ ತಾಲ್ಲೂಕಿನ ಕೊನೆಯಲ್ಲಿ, ಘಟಪ್ರಭಾ ದಂಡೆಯ ಮೇಲಿದೆ. ಸಂತೆಗೆ ಎಲ್ಲರೂ ಕೊಣ್ಣೂರಿಗೆ ಹೋಗುತ್ತಾರೆ. ಊರಿನ ಹೆಸರು ಬರೆಯುವುದಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ನಾನು ನೋಡಿದ್ದನ್ನು ಬಿಟ್ಟು ಬೇರೇನೂ ಇದರಲ್ಲಿ ಬರಬಾರದು.

ಕಾಕಾ ಅವರ ಅಂಗಡಿ ಹೊಳೆಗೆ ಇಳಿಯುವ ದಾರಿಯಲ್ಲಿ ಬೇವಿನ ಮರದ ಕೆಳಗಿತ್ತು. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು. ಕಬ್ಬಿಗೆ ನೀರು ಹಾಯಿಸುವ ರೈತರು ಮೋಟರುಗಳನ್ನು ಹೊಳೆಯ ಅಂಚಿನಲ್ಲೇ ಇಡುತ್ತಾರೆ. ಹೊಳೆ ಏರಿದರೆ ಅವನ್ನು ಮೇಲಕ್ಕೆ ಎಳೆಯಬೇಕು. ಹೊಳೆ ಇನ್ನೂ ಏರಿದರೆ ತಳಗಿನ ಓಣಿಯ ನಲವತ್ತು ಮನೆಗಳ ಜನ ಎದ್ದು ಶಾಲೆಗೆ ಬರಬೇಕು. ಇದನ್ನು ಊರಿಗೆ ಹೇಳುವ ಕೆಲಸವನ್ನು ಕಾಕಾ ಅವರಿಗೆ ಯಾರೂ ಒಪ್ಪಿಸಿರಲಿಲ್ಲ. ಅಂಗಡಿ ಅಲ್ಲಿತ್ತು, ಕಣ್ಣು ಹೊಳೆಯ ಮೇಲಿತ್ತು, ಅವರು ಮಾಡುತ್ತಿದ್ದರು. ಬೇವಿನ ಕೊಂಬೆಗೆ ರೈಲು ಹಳಿಯ ಒಂದು ತುಂಡು ತೂಗುಹಾಕಿದ್ದರು. ಒಂದು ಮೊಳಕ್ಕಿಂತ ತುಸು ಕಡಿಮೆ ಉದ್ದ. ಊರಿನವರು ಅದಕ್ಕೆ ‘ಕಬ್ಬಣ’ ಎಂದಷ್ಟೇ ಅನ್ನುತ್ತಿದ್ದರು. ಬಿಟ್ಟು ಬಿಟ್ಟು ಮೂರು ಪೆಟ್ಟು ಬಿದ್ದರೆ ಮೋಟರು ಎಳೆಯಬೇಕು. ಪೆಟ್ಟು ನಿಲ್ಲದೆ ಬಿದ್ದರೆ ತಳಗಿನ ಓಣಿ ಏಳಬೇಕು.

ಬೇರೆ ಯಾವ ಕಾರಣಕ್ಕೂ ಅದನ್ನು ಬಾರಿಸುವಂತಿರಲಿಲ್ಲ. ಅವರ ಮಗಳ ಮದುವೆಯ ದಿನ ಬ್ಯಾಂಡಿನವರ ಗಾಡಿ ಗೋಕಾಕದ ಹತ್ತಿರ ಕೆಟ್ಟು ನಿಂತಿತು. ಬೀಗರು ಊರ ಬಾಗಿಲಿಗೆ ಬಂದಿದ್ದರು. ವಾದ್ಯವಿಲ್ಲದೆ ಎದುರುಗೊಳ್ಳುವುದು ಹೇಗೆ ಎಂದು ತರುಣನೊಬ್ಬ ಸುತ್ತಿಗೆ ಹಿಡಿದು ಬೇವಿನ ಮರದ ಕಡೆ ನಡೆದ. ಕಾಕಾ ಹೊಸ ಧೋತರದಲ್ಲೇ ಓಡಿ ಬಂದು ಸುತ್ತಿಗೆ ಕಸಿದುಕೊಂಡರು.

“ಹೊಳಿ ಕೆಳಗ ಐತಿ. ಯಾಕ ಬಾರಸ್ತಿ?”

“ಮಗಳ ಲಗ್ನ ಐತ್ರಿ ಕಾಕಾ, ಒಂದ್ ನಾಕ್ ಪೆಟ್ಟು.”

“ಲಗ್ನ ನಂದು. ಸಪ್ಪಳಾ ಊರಂದು.”

ಬೀಗರನ್ನು ಹೆಂಗಸರು ಸ್ಟೀಲಿನ ತಾಟು ಬಡಿಯುತ್ತ ಕರೆತಂದರು. ಆ ಮಗಳು ಈಗಲೂ ಇದನ್ನು ಹೇಳಿ ನಗುತ್ತಾಳೆ. ‘ನಮ್ಮಪ್ಪಗ ನನಗಿಂತ ಆ ಕಬ್ಬಣಾನ ಹೆಚ್ಚು’ ಅನ್ನುತ್ತಾಳೆ.

ನಮ್ಮ ಶಾಲೆಗೆ ರೋಬೊ ಬಂದದ್ದು ಮೂರು ವರ್ಷದ ಹಿಂದೆ. ಒಂದು ಸಂಸ್ಥೆ ಪ್ರೌಢಶಾಲೆಗಳಿಗೆ ಸ್ಪರ್ಧೆ ಏರ್ಪಡಿಸಿ ಸಾಮಾನು ಕೊಟ್ಟಿತ್ತು. ಎಂಟು ಮಕ್ಕಳ ತಂಡ. ನಾನು ಮಾರ್ಗದರ್ಶಕಿ. ರೋಬೊ ಮಾಡಿದರಷ್ಟೇ ಸಾಲದು, ಅದನ್ನು ಜನರ ನಡುವೆ ಒಯ್ಯಬೇಕು, ಅದಕ್ಕೂ ಅಂಕವಿದೆ ಎಂದು ನಿಯಮ. ಮಕ್ಕಳು ನಾಲ್ಕು ಗಾಲಿಯ ಒಂದು ರೋಬೊ ಮಾಡಿದರು. ಅದು ಮುಂದೆ ಹೋಗಿ ಅತಿಥಿಗೆ ಗುಲಾಬಿ ಹೂ ಕೊಡುತ್ತಿತ್ತು. ಅದನ್ನು ಎತ್ತಿಕೊಂಡು ದಡ್ಡಿಗೂ ಹೋದೆವು, ಕೊಣ್ಣೂರಿಗೂ ಹೋದೆವು. ಜನ ಸೇರುತ್ತಿದ್ದರು, ನಾವು ಫೋಟೊ ತೆಗೆದು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ನಮ್ಮ ಊರಿನಲ್ಲಿ ತೋರಿಸಿದ ದಿನ ಕಾಕಾ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ರೋಬೊ ಅವರಿಗೂ ಹೂ ಕೊಟ್ಟಿತು. ಹೂವನ್ನು ಕಿವಿಗೆ ಸಿಕ್ಕಿಸಿಕೊಂಡರು. ಆಮೇಲೆ ಸ್ಕ್ರೂಡ್ರೈವರ್ ಹಚ್ಚಿ ಅದರ ಮೋಟರಿನ ಸದ್ದು ಕೇಳಿದರು, ಬಾಯಿ ತೆರೆದು.

“ಒಳಗಿಂದು ಚಲೋ ಐತಿ,” ಅಂದರು. ತಂಡದ ನಾಯಕಿ ಸವಿತಾಳ ಕಡೆ ತಿರುಗಿದರು. “ಇದು ಯಾರ ಕೆಲಸಾ ಮಾಡತೈತವ್ವಾ?”

ಆಗ ಒಂಬತ್ತನೆಯ ತರಗತಿಯಲ್ಲಿದ್ದ ಸವಿತಾ ರೋಬೊ ಕಡೆ ನೋಡಿದಳು.

“ಹೂ ಕೊಡಾಕ ನನಗ ಎರಡ ಕೈ ಅದಾವು. ಹೊಳಿ ನೋಡಾಕ ಕಣ್ಣು ಸಾಲವಲ್ವು. ಮೋತಿಬಿಂದು ಬಂದೈತಿ. ಅದಕ್ಕೇನರ ಮಾಡ್ರಿ.”

ಹಾಗೆ ಶುರುವಾಯಿತು. ಹೊಳೆಯ ಮೆಟ್ಟಿಲ ಪಕ್ಕ ಒಂದು ಪೈಪು, ಅದರೊಳಗೆ ತೇಲುವ ಡಬ್ಬಿ. ನೀರು ಏರಿದರೆ ಡಬ್ಬಿಯೂ ಏರಿ ಗುರುತು ಮುಟ್ಟುತ್ತದೆ, ಬೇವಿನ ಮರದ ಮೇಲಿನ ಸೈರನ್ ಕೂಗುತ್ತದೆ. ಮೊದಲ ಗುರುತಿಗೆ ಮೂರು ಕೂಗು, ಎರಡನೆಯದಕ್ಕೆ ನಿಲ್ಲದ ಕೂಗು. ಕಬ್ಬಿಣದ ಲೆಕ್ಕವನ್ನೇ ಮಕ್ಕಳು ಇಟ್ಟುಕೊಂಡರು. ಗುರುತು ಎಲ್ಲಿರಬೇಕೆಂದು ತೋರಿಸಿದವರು ಕಾಕಾ. ವೈರಿನ ಜೋಡಣೆಗೆ ನೀರು ಹೋಗದ ಹಾಗೆ ಸುತ್ತುವುದನ್ನು ಕಲಿಸಿದವರೂ ಅವರೇ. ಮಕ್ಕಳು ಸುತ್ತಿದ್ದನ್ನು ಮೂರು ದಿನ ಬಕೆಟಿನ ನೀರಿನಲ್ಲಿ ಮುಳುಗಿಸಿಟ್ಟು, ತೆಗೆದು, ಬಿಚ್ಚಿ, ಒಳಗೆ ಬೆರಳಾಡಿಸಿ, “ತೇವ ಐತಿ, ಮತ್ತೊಮ್ಮಿ” ಅನ್ನುವರು. ಐದು ಸಲ ಅಂದರು. ಆರನೆಯ ಸಲ ಚಹಾ ತರಿಸಿದರು.

ಒಂದೇ ಒಂದು ವಿಷಯಕ್ಕೆ ನಮಗೆ ಜಗಳವಾಯಿತು. ಸೈರನ್ ಸರಿಯಾಗಿದೆಯೇ ಎಂದು ನೋಡಲು ಒಂದು ಸ್ವಿಚ್ ಇರಲಿ ಅಂದೆ.

“ಪರೀಕ್ಷಾ ಮಾಡೂದಿದ್ರ ಬಲ್ಬ್ ಹಚ್ರಿ ಅಕ್ಕಾರ. ವೈರ್ ಸುದ್ದ ಐತೋ ಇಲ್ಲೋ ಬಲ್ಬ್ ಹೇಳತೈತಿ. ಅದರ ಬಾಯಿ ಯಾಕ ತಗಸ್ತೀರಿ?”

“ನೋಡಾಕ ಬಂದವ್ರಿಗಿ ಕೇಳಿಸಿ ತೋರಸ್ಬೇಕಲ್ರಿ ಕಾಕಾ. ಹಂಗ ನಿಯಮಾ ಐತಿ.”

“ಯಾರ ನಿಯಮಾ? ಹೊಳೀದೋ, ಅವರದೋ?”

ನಾನು ಸ್ವಿಚ್ ಹಾಕಿಸಿದೆ. ಅದರ ಡಬ್ಬಿಗೆ ಬೀಗ ಹಾಕಿಸಿ, ಕೀಲಿಯನ್ನು ನನ್ನ ಟೇಬಲಿನಲ್ಲಿಟ್ಟುಕೊಂಡೆ. ಬಹಳ ಜವಾಬ್ದಾರಿಯ ಕೆಲಸ ಮಾಡಿದೆ ಅಂದುಕೊಂಡೆ.

ಕಬ್ಬಿಣವನ್ನು ಕೇಳಿ ತಂದವಳೂ ನಾನೇ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ಅಂಕ ಹೆಚ್ಚು ಬರುತ್ತದೆ ಎಂದು ಮುಖ್ಯಾಧ್ಯಾಪಕರು ಹೇಳಿದರು. ನನಗೂ ಹೌದೆನಿಸಿತು. ಕಾಕಾ ತಾವೇ ಮರ ಹತ್ತಿ ಹಗ್ಗ ಬಿಚ್ಚಿದರು. “ಯಾವಾಗ ತಿರಗಿ ಕೊಡ್ತೀರಿ?” ಅಂದರು. ಸ್ಪರ್ಧೆ ಮುಗಿದ ಮೇಲೆ ಅಂದೆ. ಸ್ಪರ್ಧೆ ಜನವರಿಯಲ್ಲಿ ಮುಗಿಯಿತು. ತಂಡ ಮುಂದಿನ ಹಂತಕ್ಕೆ ಆಯ್ಕೆಯಾಯಿತು. ಕಬ್ಬಿಣ ಮುಖ್ಯಾಧ್ಯಾಪಕರ ಕೋಣೆಯ ಗಾಜಿನ ಕಪಾಟು ಸೇರಿತು. ಅದರ ಮುಂದೆ ‘ಹಿಂದಿನ ಪದ್ಧತಿ’ ಎಂದು ಬರೆದ ಚೀಟಿ. ಅಕ್ಷರ ನನ್ನದು. ಕಾಕಾ ಎರಡು ಸಲ ಕೇಳಿದರು. ಎರಡು ಸಲವೂ ‘ಈ ವಾರ’ ಅಂದೆ.

ಮಳೆಗಾಲ ಬರುವುದರೊಳಗೆ ಸೈರನ್ ಹನ್ನೊಂದು ಸಲ ಕೂಗಿತು. ನಾನು ಬರೆದಿಟ್ಟಿದ್ದೇನೆ. ಉದ್ಘಾಟನೆಗೆ ಒಂದು. ಸ್ಪರ್ಧೆಯ ಪರೀಕ್ಷಕರಿಗೆ ಎರಡು. ತಾಲ್ಲೂಕಿನಿಂದ ಬಂದ ಅಧಿಕಾರಿಗೆ ಒಂದು. ಅವರು ಫೋನಿನಲ್ಲಿ ಮಾತಾಡುತ್ತಿದ್ದು ಕೇಳಿಸಿಕೊಳ್ಳಲಿಲ್ಲವೆಂದು ಇನ್ನೊಂದು. ಬೇರೆ ಶಾಲೆಯ ಮಕ್ಕಳಿಗೆ ಒಂದು. ಆಡಳಿತ ಮಂಡಳಿಯವರೊಬ್ಬರ ಅಳಿಯ ಪುಣೆಯಿಂದ ಬಂದಿದ್ದ, ಅವನಿಗೆ ಒಂದು. ಉಳಿದ ನಾಲ್ಕು ಒಂದೇ ದಿನ, ವಿಡಿಯೊಗೆ.

ಆ ವಿಡಿಯೊ ಮುಂದಿನ ಹಂತದ ಸ್ಪರ್ಧೆಗೆ ಬೇಕಿತ್ತು. ಸೈರನ್ ಕೂಗಿದ ಕೂಡಲೇ ತಳಗಿನ ಓಣಿಯ ಜನ ಮನೆ ಬಿಟ್ಟು ಓಡಿ ಬರಬೇಕು, ಅದು ದೃಶ್ಯ. ಹಿಂದಿನ ದಿನವೇ ಮನೆಮನೆಗೆ ಹೋಗಿ ಒಳ್ಳೆಯ ಬಟ್ಟೆ ಹಾಕಿಕೊಂಡಿರಿ ಎಂದು ಹೇಳಿ ಬಂದೆವು. ಪಾರವ್ವ ಅಜ್ಜಿ ಹಸಿರು ಇಳಕಲ್ ಸೀರೆ ಉಟ್ಟು ಕೊಡ ಹಿಡಿದು ಓಡಿದಳು. ಮೊದಲ ಸಲ ನಾಯಿಯೊಂದು ಎದುರಿನಿಂದ ಓಡಿ ಬಂತು. ಎರಡನೆಯ ಸಲ ಹೆಂಗಸರು ನಕ್ಕುಬಿಟ್ಟರು. ಮೂರನೆಯ ಸಲ ವಿಡಿಯೊದವನಿಗೆ ಅಜ್ಜಿಯ ಮುಖದಲ್ಲಿ ಭಯ ಸಾಲಲಿಲ್ಲ. ನಾಲ್ಕನೆಯ ಸಲಕ್ಕೆ ನಾನು ಸ್ವಿಚ್ ಒತ್ತುವಾಗ ಕಾಕಾ ಅಂಗಡಿಯಿಂದ ಹೊರಗೆ ಬಂದರು. ಅವರು ಕೂಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಸಾಕ್ ಮಾಡ್ರಿ ಅಕ್ಕಾರ. ಮಂದಿ ಕಿವಿ ಸಾಯಾಕತ್ತಾವು.”

“ಇದೊಂದ್ ಸಲಾ ಕಾಕಾ, ಮುಗೀತು,” ಅಂದೆ. ಒತ್ತಿದೆ. ಪಾರವ್ವ ಅಜ್ಜಿ ಈ ಸಲ ಚೆನ್ನಾಗಿ ಓಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಷಾಢದ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಐವತ್ತು ನಿಮಿಷಕ್ಕೆ ಸೈರನ್ ಮೂರು ಕೂಗು ಕೂಗಿತು. ನಮ್ಮಲ್ಲಿ ಬಿಸಿಲಿತ್ತು, ಮಳೆ ಮೇಲೆ ಘಟ್ಟದ ಕಡೆ ಹೊಯ್ದಿತ್ತು. ನಾನು ಹತ್ತನೆಯ ತರಗತಿಯಲ್ಲಿ ಬೋರ್ಡಿನ ಮುಂದಿದ್ದೆ. ಸದ್ದು ಕೇಳಿ ಕಿಟಕಿಯಿಂದ ಗೇಟಿನ ಕಡೆ ನೋಡಿದೆ. ಯಾರ ಕಾರು ಬಂದಿದೆ ಎಂದು ನೋಡಿದೆ. ಕಾರು ಇರಲಿಲ್ಲ. ಮತ್ತೆ ಬೋರ್ಡಿನ ಕಡೆ ತಿರುಗಿದೆ. ಇದನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಸೈರನ್ ಕಟ್ಟಿಸಿದವಳು ನಾನು. ನಾನೇ ತಿರುಗಿಕೊಂಡೆ.

ಸವಿತಾ ಎದ್ದು ನಿಂತಿದ್ದಳು. “ಅಕ್ಕಾರ, ಕೀಲಿ ನಿಮ್ಮ ಕಡೆನ ಐತಲ್ರಿ. ಮತ್ತ ಬಾರಸಿದವ್ರು ಯಾರು?”

ನಾವು ಹೊರಗೆ ಬರುವಷ್ಟರಲ್ಲಿ ಕಾಕಾ ಗೇಟು ದಾಟಿದ್ದರು. ಅಂಗಡಿಯಿಂದ ಶಾಲೆಗೆ ಏರುದಾರಿ. ಅರವತ್ತೆಂಟು ವರ್ಷದ ಮನುಷ್ಯ, ಸಕ್ಕರೆ ಕಾಯಿಲೆ ಬೇರೆ. ಒಂದು ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಇತ್ತು. ಉಸಿರು ಸಿಗುತ್ತಿರಲಿಲ್ಲ.

“ನನ್ನ ಕಬ್ಬಣಾ ಕೊಡ್ರಿ. ಯಾರೂ ಏಳವಲ್ರು.”

ಮುಖ್ಯಾಧ್ಯಾಪಕರು ಹುಕ್ಕೇರಿಗೆ ಸಭೆಗೆ ಹೋಗಿದ್ದರು. ಕಪಾಟಿನ ಕೀಲಿ ಅವರ ಜೇಬಿನಲ್ಲಿತ್ತು. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲ ಎತ್ತಿ ಹೇಳಿದರು: “ಗಾಜು ಒಡೀಬ್ಯಾಡ್ರಿ ಟೀಚರ್. ಮುಂದಿನ ವಾರ ನೋಡಾಕ ಬರಾವ್ರು ಅದಾರ. ತಡೀರಿ, ನಾನ ಬರ್ತೇನಿ.”

ನಾನು ಕಾಕಾ ಅವರಿಗೆ ಹೇಳಿದೆ: “ತಡೀರಿ ಅಂತಾರ.”

“ಹೊಳಿಗಿ ಹೇಳ್ತೀರೇನು?”

ಅಷ್ಟೇ ಅಂದರು. ಪಾನಾ ಎತ್ತಿ ಗಾಜಿಗೆ ಹೊಡೆದರು. ಒಂದೇ ಪೆಟ್ಟು. ಫೋನಿನಲ್ಲಿ ಆಗಲೇ ಎಂಟು ನಿಮಿಷ ಹೋಗಿತ್ತು. ಕೈ ಹಾಕಿ ಕಬ್ಬಿಣ ಎಳೆಯುವಾಗ ಚೌಕಟ್ಟಿನಲ್ಲಿ ಉಳಿದ ಚೂರು ಅವರ ಮುಂಗೈಯನ್ನು ಮಣಿಕಟ್ಟಿನಿಂದ ಮೊಣಕೈಯವರೆಗೆ ಸೀಳಿತು. ನನ್ನ ಚೀಟಿ ನೆಲಕ್ಕೆ ಬಿದ್ದು ಅದರ ಮೇಲೆ ರಕ್ತ ತೊಟ್ಟಿಕ್ಕಿತು. ಅವರ ಹೆಗಲ ಮೇಲಿನ ಟವೆಲನ್ನೇ ಸವಿತಾ ಅವರ ಕೈಗೆ ಬಿಗಿದಳು. ಕಬ್ಬಿಣವನ್ನು ಒಂದು ಕಡೆ ಅವರು, ಒಂದು ಕಡೆ ನಾನು ಹಿಡಿದು ಇಳಿದೆವು.

ತಳಗಿನ ಓಣಿಯ ಬಾಯಲ್ಲಿ ಪಾರವ್ವ ಅಜ್ಜಿ ಬಾಗಿಲಲ್ಲಿ ನಿಂತು ನೆರಿಗೆ ಹಿಡಿಯುತ್ತಿದ್ದಳು. ಹಸಿರು ಇಳಕಲ್ ಸೀರೆ. ಸೈರನ್ ಕೂಗಿದ್ದು ಕೇಳಿ ಒಳಗೆ ಹೋಗಿ ಟ್ರಂಕು ತೆಗೆದು ಸೀರೆ ಬದಲಿಸುತ್ತಿದ್ದಳು.

“ಬಂದೆ ಬಂದೆ,” ಅಂದಳು ನನ್ನನ್ನು ನೋಡಿ. “ಕ್ಯಾಮೆರಾದವ್ರಿಗಿ ತುಸು ತಡಿ ಅನ್ರಿ ಅಕ್ಕಾರ. ಇವತ್ತ ಕೊಡಾ ತರ್ಲೋ ಬ್ಯಾಡೋ?”

ಅವಳ ಹಿಂದೆ ಓಣಿಯಲ್ಲಿ ಇನ್ನೂ ಇಬ್ಬರು ಹೆಂಗಸರು ತಲೆ ಬಾಚಿಕೊಳ್ಳುತ್ತಿದ್ದರು.

ಕಾಕಾ ಮರಕ್ಕೆ ಕಬ್ಬಿಣ ಕಟ್ಟಿಸಿ ಎಡಗೈಯಿಂದ ಬಾರಿಸಿದರು. ಮೂರು ಪೆಟ್ಟಲ್ಲ, ಎರಡನೆಯ ಗುರುತಿಗೆ ನೀರು ಬರುವುದನ್ನು ಕಾಯಲಿಲ್ಲ. ನಿಲ್ಲದೆ ಬಾರಿಸಿದರು. ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ವಿಡಿಯೊದವನಿಗೆ ಅಂದು ಸಿಗದೆ ಹೋದದ್ದು ಆ ಮುಖದಲ್ಲಿ ಬಂತು. ಅರ್ಧ ಉಟ್ಟ ಸೀರೆಯಲ್ಲೇ ಅವಳು ಒಳಗೆ ಓಡಿ ಮೊಮ್ಮಗುವನ್ನು ಎತ್ತಿಕೊಂಡು ಬಂದಳು. ಬಾಚಣಿಗೆಗಳು ಬಿದ್ದವು. ಓಣಿ ಎದ್ದಿತು. ಹನ್ನೆರಡು ಗಂಟೆಗೆ ನೀರು ಅಲ್ಲಿಯ ಹೊಸ್ತಿಲುಗಳನ್ನು ದಾಟಿತ್ತು. ಒಳಗೆ ಯಾರೂ ಇರಲಿಲ್ಲ.

ಕಾಕಾ ಆಮೇಲೆ ಮನೆಗೆ ಹೋಗಲಿಲ್ಲ. ಟವೆಲು ಸುತ್ತಿದ ಕೈಯಲ್ಲೇ ತೊಡೆಮಟ್ಟದ ಕೆಂಪು ನೀರಿನಲ್ಲಿ ನಿಂತು ಮಂದಿಯ ಮೋಟರುಗಳಿಗೆ ಹಗ್ಗ ಕಟ್ಟಿದರು. ಅವರ ಅಂಗಡಿಯ ತಂತಿ, ಸಾಮಾನು ಎಲ್ಲ ನೀರಲ್ಲಿ ಹೋಯಿತು. ಕೈ ಬಾತಿದೆ ಎಂದು ಮೂರನೆಯ ದಿನ ಮಗಳು ಒತ್ತಾಯದಿಂದ ಗೋಕಾಕದ ಒಂದು ಆಸ್ಪತ್ರೆಗೆ ಸೇರಿಸಿದಳು. ಗಾಯದ ನಂಜು ಆಗಲೇ ಮೇಲೇರಿತ್ತು.

ಅದೇ ವಾರ ನಮ್ಮ ಶಾಲೆ ಒಂದು ವರದಿ ಕಳಿಸಿತು. ವಿದ್ಯಾರ್ಥಿಗಳ ಸಾಧನ ಸಮಯಕ್ಕೆ ಸರಿಯಾಗಿ ಎಚ್ಚರಿಸಿತು, ತಳಗಿನ ಓಣಿಯ ಎಲ್ಲರೂ ಸುರಕ್ಷಿತರಾದರು. ಎರಡು ವಾಕ್ಯ. ಎರಡರಲ್ಲೂ ಒಂದು ಪದವೂ ಸುಳ್ಳಲ್ಲ. ನನಗೆ ಸಹಿಸಲಾಗದ್ದು ಅದೇ. ಕಾಕಾ ಅವರ ಹೆಸರು ಆ ವರದಿಯಲ್ಲಿ ಇರಲಿಲ್ಲ. ಬೇರೊಂದು ಕಾಗದದಲ್ಲಿತ್ತು: ಶಾಲೆಯ ಆಸ್ತಿಗೆ ಹಾನಿ ಮಾಡಿದ ಬಗ್ಗೆ ಏಳು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು. ಅದನ್ನು ಮುಟ್ಟಿಸುವ ಕೆಲಸ ನನಗೆ ಹಚ್ಚಿದರು. “ಬರೇ ಕಾಗದದ ಸಲುವಾಗಿ ಟೀಚರ್, ತಪಾಸಣಿಗಿ ಬೇಕಾಗತೈತಿ,” ಅಂದರು ಮುಖ್ಯಾಧ್ಯಾಪಕರು. ಅವರು ಕೆಟ್ಟ ಮನುಷ್ಯರಲ್ಲ. ಒಡೆದ ಗಾಜು ಅವರಿಗೆ ಕಾಣುತ್ತಿತ್ತು, ಅಷ್ಟೇ.

ಕಾಗದವನ್ನು ಚೀಲದಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಹೋದೆ. ತೋರಿಸಬಾರದೆಂದು ನಿರ್ಧರಿಸಿದ್ದೆ. ಕಾಕಾ ಅವರಿಗೆ ಯಾರೋ ಆಗಲೇ ಹೇಳಿದ್ದರು. ಓದಿಸಿದರು. ಕಣ್ಣು ಮುಚ್ಚಿ, ಬಾಯಿ ತೆರೆದು ಕೇಳಿದರು. ಮುಗಿದ ಮೇಲೆ ತುಸು ನಕ್ಕರು.

“ಉತ್ತರಾ ಬರ್ಕೋರಿ. ಗಾಜ ಒಡದಾಂವ ನಾನ.”

ಬರೆದೆ.

“ಕಬ್ಬಣಾ ಒಯ್ದು ಅದರಾಗ ಇಟ್ಟವ್ರು ಯಾರು, ಅದನ್ನೂ ಬರೀರಿ.”

ನಾನು ಪೆನ್ನು ಹಿಡಿದುಕೊಂಡು ಕೂತೆ. ಅವರು ಕಣ್ಣು ತೆರೆಯಲಿಲ್ಲ, ಅವಸರ ಮಾಡಲಿಲ್ಲ. ನನ್ನ ಹೆಸರು ಬರೆದೆ. ತಂದೆಯ ಹೆಸರು, ಹುದ್ದೆ, ಎಲ್ಲ ಬರೆದೆ. ಸ್ವಿಚ್ ಹಾಕಿಸಿದವಳು, ಹನ್ನೊಂದು ಸಲ ಒತ್ತಿದವಳು ಎಂದೂ ಸೇರಿಸಿದೆ. ಓದಿ ಹೇಳಿದೆ.

“ಹಾಂ,” ಅಂದರು. “ಈಗ ಸುದ್ದ ಆತು.” ಎಡಗೈಯ ಹೆಬ್ಬೆಟ್ಟು ಒತ್ತಿದರು; ಬಲಗೈ ಬ್ಯಾಂಡೇಜಿನಲ್ಲಿ ದಿಂಬಿನ ಹಾಗೆ ಬಿದ್ದಿತ್ತು. ಹೊರಡುವಾಗ ಕರೆದು ಹೇಳಿದರು: “ಸೈರನ್ ತಗೀಬ್ಯಾಡ್ರಿ. ಹುಡುಗೂರ ಕೆಲಸಾ ಖರೇನ ಐತಿ. ಅದೇನೂ ಸುಳ್ಳ ಹೇಳಿಲ್ಲ. ಬಲ್ಬ್ ಒಂದ್ ಹಚ್ರಿ.”

ಹೊಳೆ ಬಂದ ಇಪ್ಪತ್ತನೆಯ ದಿನ ಅವರು ಹೋದರು. ಮಣ್ಣು ಮಾಡುವ ದಿನ ಊರಿಗೆ ಊರೇ ಬಂದಿತ್ತು. ಬೇವಿನ ಮರದ ಕೆಳಗೆ ಹಾಯುವಾಗ ಎಲ್ಲರೂ ಕಬ್ಬಿಣದ ಕಡೆ ನೋಡಿದರು. ಯಾರೂ ಮುಟ್ಟಲಿಲ್ಲ.

ಮಕ್ಕಳು ಸ್ವಿಚ್ ಕಿತ್ತು ಹಾಕಿದರು. ಆ ಜಾಗದಲ್ಲಿ ಸಣ್ಣ ಹಸಿರು ಬಲ್ಬು ಇದೆ. ದಿನಾ ಬೆಳಿಗ್ಗೆ ಸವಿತಾ ಶಾಲೆಗೆ ಬರುವಾಗ ಅದನ್ನು ನೋಡಿಕೊಂಡು ಬರುತ್ತಿದ್ದಳು. ಕಾಕಾ ಅವರ ಉತ್ತರದ ಕಾಗದ ಮೇಲಿನವರ ಹತ್ತಿರ ಎಲ್ಲಿಯೋ ಇದೆ. ಅದಕ್ಕೆ ಇಂದಿಗೂ ಜವಾಬು ಬಂದಿಲ್ಲ. ಸ್ಪರ್ಧೆಯ ಜನಸಂಪರ್ಕದ ಬಹುಮಾನ ಮಾತ್ರ ಬಂತು. ದಸರೆಯ ರಜೆ ಮುಗಿದ ವಾರ ಅದನ್ನು ಕೊಡಲು ಮೂವರು ಅತಿಥಿಗಳು ಬಂದರು. ಹಾರ, ಭಾಷಣ ಆದ ಮೇಲೆ ಅವರನ್ನು ಬೇವಿನ ಮರದ ಹತ್ತಿರ ಕರೆದೊಯ್ದೆವು. ಹಿರಿಯರೊಬ್ಬರು ತಲೆ ಎತ್ತಿ ಸೈರನ್ ನೋಡಿದರು. ಪಕ್ಕದಲ್ಲಿ ತೂಗುತ್ತಿದ್ದ ಹಳಿತುಂಡು ಏನೆಂದು ಕೇಳಲಿಲ್ಲ.

“ಒಮ್ಮೆ ಬಾರಿಸಿ ತೋರಿಸಿ,” ಅಂದರು ನಗುತ್ತ. “ನಾವೂ ಕೇಳೋಣ.”

ಮುಖ್ಯಾಧ್ಯಾಪಕರು ನನ್ನ ಕಡೆ ನೋಡಿದರು. ನಾನು ಉತ್ತರಿಸುವ ಮೊದಲೇ ಸವಿತಾ ಮುಂದೆ ಬಂದು ಬಲ್ಬಿಗೆ ಬೆರಳು ತೋರಿಸಿದಳು.

“ಇದು ಹತ್ತೈತ್ರಿ ಸರ್. ಅಂದ್ರ ಎಲ್ಲಾ ಸುದ್ದ ಐತಿ. ಬಾರ್ಸಂಗಿಲ್ರಿ.”

“ಯಾಕಮ್ಮಾ?”

“ಹೊಳಿ ಕೆಳಗ ಐತ್ರಿ.”